ಒಂದೂ ಮುಕ್ಕಾಲು ಇಂಚಿನ ಋಣ

ನಮ್ಮ ಬೀದಿಯ ಕೊನೆಯಲ್ಲಿರುವ ಸೈಕಲ್ ರಿಪೇರಿಯವರಿಗೆ ನಾನು ಬಹಿರಂಗವಾಗಿ ಕೃತಜ್ಞತೆ ಹೇಳಬೇಕಾಗಿದೆ. ಖಾಸಗಿಯಾಗಿ ಹೇಳೋಣವೆಂದು ಮೂರು ಸಲ ಅಂಗಡಿಗೆ ಹೋಗಿದ್ದೆ. ಮೂರು ಸಲವೂ ಅವರು ತಲೆ ಎತ್ತದೆ, "ಆಯ್ತಾಯ್ತು, ಸ್ವಲ್ಪ ಆಚೆ ನಿಂತ್ಕೊಳ್ಳಿ, ಬೆಳಕಿಗೆ ಅಡ್ಡ ಆಗ್ತೀರಿ" ಅಂದರು. ಆದ್ದರಿಂದ ಬರೆಯುತ್ತಿದ್ದೇನೆ.

ಅವರು ನನಗೆ ಮಾಡಿದ ಉಪಕಾರ ಎಂಥದ್ದೆಂದು ಗೊತ್ತಾಗಬೇಕಾದರೆ, ಅದಕ್ಕೂ ಮೊದಲು ನಾನು ಅವರಿಗೆ ಮಾಡಿದ ಅಪಕಾರ ಗೊತ್ತಾಗಬೇಕು. ಅದನ್ನೂ ಮುಚ್ಚಿಡದೆ ಹೇಳುತ್ತೇನೆ. ಮುಚ್ಚಿಡೋಣವೆಂದರೆ ನನ್ನ ಹೆಂಡತಿ ಪಕ್ಕದಲ್ಲೇ ಕೂತು ಓದುತ್ತಿದ್ದಾಳೆ.

ನಾನು ತೂಕ ಮತ್ತು ಅಳತೆ ಕಚೇರಿಯಲ್ಲಿ ಗುಮಾಸ್ತ. ಇಪ್ಪತ್ತೆರಡು ವರ್ಷಗಳಿಂದ ಊರಿನ ಅಂಗಡಿಗಳ ತಕ್ಕಡಿ, ತೂಕದ ಕಲ್ಲು, ಅಳತೆ ಪಟ್ಟಿ, ಎಣ್ಣೆಯ ಅಳತೆ ಡಬ್ಬಿ, ಎಲ್ಲಕ್ಕೂ ಮುದ್ರೆ ಬೀಳುವುದು ನನ್ನ ಮೇಜಿನ ಮೇಲೆ. ಜೇಬಿನಲ್ಲಿ ಯಾವಾಗಲೂ ಒಂದು ಹಿತ್ತಾಳೆಯ ಅಡಿಪಟ್ಟಿ ಇರುತ್ತದೆ. ನಮ್ಮ ಕಚೇರಿಯಲ್ಲಿ ಭಿನ್ನರಾಶಿ ನಿಷಿದ್ಧ. ಅರ್ಧ, ಕಾಲು, ಮುಕ್ಕಾಲು ಎಂದು ಬರೆದ ಕಡತ ಹಾಗೇ ವಾಪಸ್ಸು ಬರುತ್ತದೆ. ಎಲ್ಲವೂ ದಶಮಾಂಶದಲ್ಲಿರಬೇಕು. ನಾನು ಅರ್ಧ ದಿನ ರಜೆ ಬೇಕಾದರೂ ಸೊನ್ನೆ ಪಾಯಿಂಟ್ ಐದು ದಿನ ಎಂದೇ ಅರ್ಜಿ ಹಾಕುವವನು. ಬೀದಿಯ ಜನ ನನ್ನನ್ನು ಅಳತೆ ಮಾಮ ಎನ್ನುತ್ತಾರೆ. ಅದನ್ನು ಮೊನ್ನೆಮೊನ್ನೆಯವರೆಗೂ ನಾನು ಗೌರವವೆಂದೇ ತಿಳಿದಿದ್ದೆ.

ಒಂದು ಶನಿವಾರ ಬೆಳಗ್ಗೆ ನನ್ನ ಅಕ್ಕ ಸೈಕಲ್ ತಳ್ಳಿಕೊಂಡು ಬಂದಳು. ಅಕ್ಕನಿಗೆ ನಲವತ್ತೆಂಟು ವರ್ಷ. ಭಾವ ತೀರಿಕೊಂಡ ಮೇಲೆ ಮನೆಯಲ್ಲೇ ಕೂತು ಶರ್ಟ್ ಕಾರ್ಖಾನೆಯವರಿಗೆ ಗುಂಡಿ ಹೊಲಿದು ಕೊಡುತ್ತಿದ್ದಳು. ಅವತ್ತು ಅವಳ ಮುಖ ಬೆಳಗುತ್ತಿತ್ತು. ಕೈಯಲ್ಲಿ ಅಂಚೆ ಕಚೇರಿಯ ಪತ್ರ. ಮನೆಮನೆಗೆ ಅಂಚೆ ಹಂಚುವ ಕೆಲಸಕ್ಕೆ ಅವಳು ಅರ್ಜಿ ಹಾಕಿದ್ದಳು, ಹೆಸರು ಬಂದಿತ್ತು. "ಸೋಮವಾರ ಬೆಳಗ್ಗೆ ಒಂಬತ್ತು ಗಂಟೆಗೆ ಅರ್ಜಿಯಲ್ಲಿ ನಮೂದಿಸಿದ ಸ್ವಂತ ಸೈಕಲ್ಲಿನೊಂದಿಗೆ ಹಾಜರಾಗತಕ್ಕದ್ದು. ಸೈಕಲ್ ಸುಸ್ಥಿತಿಯಲ್ಲಿರತಕ್ಕದ್ದು. ತಪ್ಪಿದಲ್ಲಿ ಪಟ್ಟಿಯಲ್ಲಿರುವ ಮುಂದಿನವರನ್ನು ಕರೆಯಲಾಗುವುದು" ಎಂದು ಪತ್ರದಲ್ಲಿತ್ತು.

"ಹದಿನೆಂಟು ವರ್ಷ ಕಿಟಕಿ ಪಕ್ಕ ಕೂತು ಗುಂಡಿ ಹೊಲ್ದೆ ಕಣೋ. ಆಚೆ ಹೋಗೋರು ಬರೋರನ್ನೆಲ್ಲ ನೋಡ್ದೆ. ಇನ್ಮೇಲೆ ನಾನು ಆಚೆ ಹೋಗ್ತೀನಿ, ಬೇರೆಯವರು ಕಿಟಕೀಲಿ ನೋಡ್ಲಿ" ಎಂದು ಅಕ್ಕ ನಕ್ಕಳು.

ಸೈಕಲ್ಲು ಭಾವನದು. ಹಿಂದಿನ ಟೈರು ಸವೆದು ಒಳಗಿನ ನೂಲು ಕಾಣುತ್ತಿತ್ತು. ತುಳಿದರೆ ಹಿಂದಿನ ಚಕ್ರದ ನಡುವಿನ ಗುಂಬದಿಂದ, ಹಬ್ ಎನ್ನುತ್ತಾರಲ್ಲ, ಅಲ್ಲಿಂದ ಕರಕರ ಸದ್ದು. "ರಿಪೇರಿಯವ್ರ ಹತ್ರ ಬಿಟ್ಟು ಹೋಗ್ತೀನಿ, ಸಂಜೆಗೆ ಕೊಡ್ತಾರೆ" ಎಂದಳು.

ಇಲ್ಲಿ ನಾನು ಬಾಯಿ ಮುಚ್ಚಿಕೊಂಡಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಒಡಹುಟ್ಟಿದವಳ ಮೇಲೆ ಪ್ರೀತಿ ಉಕ್ಕಿ ಬಂತು.

"ಅಕ್ಕಾ, ತಮ್ಮ ಬದುಕಿರುವಾಗ ರಿಪೇರಿಯವ್ರು ಯಾಕೆ? ಸೈಕಲ್ ಅಂದ್ರೆ ಏನು? ಎರಡು ವೃತ್ತ. ವೃತ್ತ ಅಂದ್ರೆ ಅಳತೆ. ಅಳತೆ ಅಂದ್ರೆ ನಾನು" ಎಂದೆ.

"ಅಕ್ಕಾ, ನೀವು ಸುಮ್ನೆ ಅಂಗಡಿಗೇ ಹೋಗಿ" ಎಂದು ಒಳಗಿನಿಂದ ಹೆಂಡತಿಯ ದನಿ ಬಂತು. "ಹೋದ ತಿಂಗಳು ಇವ್ರು ಗೋಡೆ ಗಡಿಯಾರ ರಿಪೇರಿ ಮಾಡಿದ್ರು. ನಿಂತ ಗಡಿಯಾರನಾದ್ರೂ ದಿನಕ್ಕೆರಡು ಸಲ ಸರಿಯಾದ ಟೈಮ್ ತೋರ್ಸುತ್ತೆ. ನಮ್ದಕ್ಕೆ ಈಗ ಮುಳ್ಳೇ ಇಲ್ಲ."

ಅಕ್ಕ ಒಂದು ಕ್ಷಣ ನನ್ನ ಮುಖ ನೋಡಿದಳು. ಚಿಕ್ಕಂದಿನಲ್ಲಿ ನನ್ನನ್ನು ಎತ್ತಿ ಆಡಿಸಿದವಳು, ನನ್ನ ಮನಸ್ಸು ನೋಯಿಸಲಾರಳು. "ಸಂಜೆ ಐದಕ್ಕೆ ಬರ್ತೀನಿ. ಭಾನುವಾರ ಸ್ವಲ್ಪ ಓಡ್ಸಿ ಅಭ್ಯಾಸ ಮಾಡ್ಕೋಬೇಕು" ಎಂದು ಸೈಕಲ್ ಬಿಟ್ಟು ಹೋದಳು.

ನಾನು ಹಿಂದಿನ ಟೈರಿನ ಮೇಲೆ ಬರೆದಿದ್ದನ್ನು ಓದಿದೆ. ಇಪ್ಪತ್ತಾರು, ಗುಣಿಲೆ ಗುರುತು, ಆಮೇಲೆ ಒಂದೂ ಮುಕ್ಕಾಲು. ಮುಕ್ಕಾಲನ್ನು ಮೂರರ ಕೆಳಗೆ ಗೀಟು ಎಳೆದು ನಾಲ್ಕು ಹಾಕಿ ಬರೆದಿದ್ದರು. ನನಗೆ ಕಣ್ಣಲ್ಲಿ ಧೂಳು ಬಿದ್ದ ಹಾಗಾಯಿತು. ಇಪ್ಪತ್ತೆರಡು ವರ್ಷದ ಅಭ್ಯಾಸ, ಕೈ ತಾನಾಗಿಯೇ ತಿದ್ದಿತು. ಚೀಟಿಯ ಮೇಲೆ ದುಂಡಗೆ ಬರೆದೆ: ಟೈರು, 26 × 1.75, ಒಂದು ನಗ.

ಅಂಗಡಿಯಲ್ಲಿ ನಾಲ್ಕೈದು ಜನ ಕಾಯುತ್ತಿದ್ದರು. ರಿಪೇರಿಯವರು ಸಣಕಲು ಮುದುಕರು. ಮಾತಾಡುವಾಗ ಎದುರಿಗಿದ್ದವನ ಮುಖ ನೋಡದೆ ಚಕ್ರ ನೋಡುತ್ತಾರೆ. ನನ್ನ ಚೀಟಿ ನೋಡಿ ಕೇಳಿದರು.

"ಹಳೇ ಟೈರಲ್ಲಿ ಹೀಗೇ ಚುಕ್ಕೆ ಇತ್ತಾ, ಇಲ್ಲ ಗೀಟು ಹಾಕಿ ಬರ್ದಿತ್ತಾ?"

"ಚುಕ್ಕೆ ಇದ್ರೂ ಒಂದೇ, ಗೀಟು ಇದ್ರೂ ಒಂದೇ" ಎಂದೆ.

"ಒಂದೇ ಅಲ್ಲ. ಬೇರೆ ಬೇರೆ ಟೈರು. ಹಳೇದನ್ನ ತಂದು ತೋರ್ಸಿ."

ಕಾಯುತ್ತಿದ್ದವರೆಲ್ಲ ನನ್ನತ್ತ ತಿರುಗಿದರು. ತೂಕ ಮತ್ತು ಅಳತೆ ಇಲಾಖೆಯ ಮಾನ ನನ್ನ ಕೈಯಲ್ಲಿತ್ತು. ನಾನು ಅಲ್ಲೇ ಬಿದ್ದಿದ್ದ ಸೀಮೆಸುಣ್ಣ ಎತ್ತಿಕೊಂಡು ಅವರ ಗೋಡೆಯ ಮೇಲೆ ಮೂರನ್ನು ನಾಲ್ಕರಿಂದ ಭಾಗಿಸಿ ತೋರಿಸಿದೆ. ಶೇಷ ಸೊನ್ನೆ. "ನೋಡಿ ಸ್ವಾಮಿ, ಇದು ನಾನು ಹೇಳ್ತಿರೋದಲ್ಲ, ಗಣಿತ ಹೇಳ್ತಿರೋದು."

"ಗಣಿತಕ್ಕೆ ಟೈರ್ ಹಾಕೋ ಕೆಲ್ಸ ಇಲ್ವಲ್ಲ" ಎಂದರು ಅವರು, ಚಕ್ರ ತಿರುಗಿಸುತ್ತ.

ಜನ ನಕ್ಕರು. ನಾನು ಪಟ್ಟು ಬಿಡಲಿಲ್ಲ. ಕೊನೆಗೆ ಅವರಿಗೇ ಸಾಕಾಗಿ ಟೈರು ಕೊಟ್ಟರು. "ತಗೊಂಡ್ಹೋಗಿ. ಕೂರ್ಲಿಲ್ಲ ಅಂದ್ರೆ ಎಳೆದಾಡಬೇಡಿ, ವಾಪಸ್ ತನ್ನಿ." ಹಬ್ಬಿಗೆ ಉಕ್ಕಿನ ಗುಂಡು ಬೇಕೆಂದಾಗ ಒಂದು ಪೊಟ್ಟಣ ಕಟ್ಟಿ, "ಹಿಂದಿನ ಚಕ್ರಕ್ಕೆ ಅಲ್ವಾ? ಕಾಲಿಂಚಿನ ಗುಂಡು, ಇಪ್ಪತ್ತಿದೆ" ಎಂದರು. ನಾನು ಹೊರಟಾಗ ಹಿಂದಿನಿಂದ ಇನ್ನೂ ಏನೋ ಕೂಗಿ ಹೇಳುತ್ತಿದ್ದರು. ವಾದದಲ್ಲಿ ಗೆದ್ದವನು ಹಿಂದಿರುಗಿ ನೋಡಬಾರದೆಂದು ನಾನು ನೋಡಲಿಲ್ಲ.

ಮನೆಯ ಮುಂದಿನ ಅಂಗಳದಲ್ಲಿ ಚಕ್ರ ಬಿಚ್ಚಿಕೊಂಡು ಕೂತೆ. ಪಕ್ಕದ ಮನೆಯ ಬಸ್ ಡ್ರೈವರ್ ಹಲ್ಲುಜ್ಜುತ್ತ ಬಂದು ನಿಂತರು. "ನಾನು ದಿನಾ ಆರು ಚಕ್ರ ಓಡ್ಸೋನು. ಎರಡು ಚಕ್ರ ಯಾವ ಲೆಕ್ಕ ಬಿಡಿ" ಎಂದು ತೋಳೇರಿಸಿದರು.

ಮೊದಲು ಹಬ್. ಅಚ್ಚಿನ ತುದಿಯ ತಿರುಪುಗಳನ್ನು ಬಿಚ್ಚಿದೊಡನೆ ಹಳೆಯ ಗುಂಡುಗಳು ಚೆಲ್ಲಾಪಿಲ್ಲಿಯಾಗಿ ಅಂಗಳದ ತುಂಬ ಓಡಿದವು. ಕೆಲವು ಚರಂಡಿ ಸೇರಿದವು. ಹಳೆಯವು ಎಷ್ಟಿದ್ದವೆಂದು ಎಣಿಸುವ ಗೋಜಿಗೆ ನಾನು ಹೋಗಲಿಲ್ಲ. ಹೊಸವು ಇಪ್ಪತ್ತಿವೆ, ಹಬ್ಬಿಗೆ ಎರಡು ಮಗ್ಗಲು, ಮಗ್ಗಲಿಗೆ ಹತ್ತು. ಬಟ್ಟಲಿನಂಥ ಆ ಜಾಗಕ್ಕೆ ಗ್ರೀಸು ಬಳಿದು ಒಂದೊಂದೇ ಗುಂಡು ಕೂರಿಸುತ್ತ ಬಂದೆ. ಒಂಬತ್ತು ಚೆನ್ನಾಗಿ ಕೂತವು. ಹತ್ತನೆಯದು ಅರ್ಧ ಎದ್ದು ನಿಂತಿತು.

"ಒತ್ತಿ ಸಾರ್, ಕೂರುತ್ತೆ. ನಮ್ಮ ಬಸ್ಸಲ್ಲಿ ಕೂರ್ಸಲ್ವಾ ಜನಾನ?" ಎಂದರು ಡ್ರೈವರ್.

ಒತ್ತಿದೆವು. ಗುಂಡುಗಳನ್ನು ಹಿಡಿದಿಡುವ ಶಂಕುವಿನಾಕಾರದ ತಿರುಪು ಇರುತ್ತದೆ, ಅದನ್ನು ಕೋನ್ ಎನ್ನುತ್ತಾರೆ. ಅದನ್ನು ಸ್ಪ್ಯಾನರ್ ಹಾಕಿ ಇಬ್ಬರೂ ಸೇರಿ ಬಿಗಿದೆವು. ಆಮೇಲೆ ಚಕ್ರವನ್ನು ತಿರುಗಿಸಲು ನೋಡಿದರೆ ಅದು ಕೂದಲೆಳೆಯಷ್ಟೂ ಮಿಸುಕಲಿಲ್ಲ. "ಹೊಸ ಗುಂಡು. ಓಡ್ತಾ ಓಡ್ತಾ ಸಡಿಲ ಆಗುತ್ತೆ" ಎಂದು ಡ್ರೈವರ್ ತೀರ್ಪು ಕೊಟ್ಟರು.

ಆಮೇಲೆ ಟೈರು. ಒಂದು ಕಡೆ ಕೂರಿಸಿದರೆ ಇನ್ನೊಂದು ಕಡೆ ಏಳುತ್ತಿತ್ತು. ಕೈಯಲ್ಲಿ ಎಳೆದೆವು. ಚಮಚ ತೂರಿಸಿ ಎಳೆದೆವು, ಮೂರು ಚಮಚ ಬಾಗಿದವು. ಸೌಟು ತಂದೆ, ಹೆಂಡತಿ ಕಿತ್ತುಕೊಂಡಳು. ಬಿಸಿನೀರಿನಲ್ಲಿ ಅದ್ದಿದೆವು, ಸೋಪು ಹಚ್ಚಿದೆವು. ಕೊನೆಗೆ ಡ್ರೈವರ್ ರಿಮ್ಮಿನ ಮೇಲೆ ಹತ್ತಿ ನಿಂತು, ನಾನು ಟೈರಿನ ಅಂಚು ಹಿಡಿದು, "ಒಂದು, ಎರಡು, ಮೂರು" ಎಂದು ಜಗ್ಗಿದೆವು. ಸೋಪು ಮೆತ್ತಿದ ಟೈರು ಸುಯ್ಯೆಂದು ಹಾರಿ ಕಾಂಪೌಂಡ್ ಗೋಡೆ ದಾಟಿ ಎದುರು ಮನೆಯವರ ಬಟ್ಟೆ ಒಣಗಿಸುವ ಹಗ್ಗಕ್ಕೆ ನೇತುಬಿತ್ತು. ಡ್ರೈವರ್ ಹಿಂದಕ್ಕೆ ಬಿದ್ದರು. ಎದುರು ಮನೆಯಾಕೆ ಹೊರಗೆ ಬಂದು, ಒದ್ದೆ ಸೀರೆಯ ಮೇಲಿನ ಕರಿ ಗುರುತು ನೋಡಿ, ಅಳತೆ ಮಾಮನ ವಂಶವನ್ನೆಲ್ಲ ಅಳೆದು ಹಾಕಿದಳು.

ಆಗ ನನಗೆ ಹೊಳೆಯಿತು. ಅಡಿಪಟ್ಟಿ ತೆಗೆದು ರಿಮ್ಮಿನ ಮೇಲೆ ಟೈರು ಕೂರುವ ಜಾಗ ಅಳೆದೆ. ಹೊಸ ಟೈರಿನ ಒಳ ಅಂಚು ಅಳೆದೆ. ಹನ್ನೆರಡು ಮಿಲಿಮೀಟರ್ ಕಮ್ಮಿ!

"ಕೊರತೆ ಅಳತೆ!" ಎಂದು ಕೂಗಿದೆ. "ಹಾಡಹಗಲೇ ಹನ್ನೆರಡು ಮಿಲಿಮೀಟರ್ ಕಳ್ಳತನ!"

"ಕೂರದಿದ್ರೆ ವಾಪಸ್ ತನ್ನಿ ಅಂದಿದ್ರಂತಲ್ಲ, ವಾಪಸ್ ಕೊಟ್ಟು ಬನ್ನಿ" ಎಂದಳು ಹೆಂಡತಿ. ಹೆಂಗಸರಿಗೆ ಇಲಾಖೆಯ ವಿಚಾರ ಏನು ತಿಳಿಯಬೇಕು ಎಂದುಕೊಂಡೆ. ಇದನ್ನು ಓದುತ್ತಿರುವ ಅವಳು ಈಗ ನನ್ನ ಕಡೆ ಒಂದು ಸಲ ನೋಡಿದಳು. ಮುಂದೆ ಹೋಗೋಣ.

ನಾನು ನೇರವಾಗಿ ಸಾಹೇಬರ ಬಳಿ ಓಡಿದೆ. ನಮ್ಮ ಸಾಹೇಬರು ಅಳತೆ ಇನ್ಸ್‌ಪೆಕ್ಟರು. ನಾಲ್ಕು ತಿಂಗಳಿಂದ ಅವರಿಗೆ ಒಂದು ಕೇಸೂ ಸಿಕ್ಕಿರಲಿಲ್ಲ, ಊಟ ಸೇರುತ್ತಿರಲಿಲ್ಲ. ನನ್ನ ಮಾತು ಕೇಳಿ ಅವರ ಕಣ್ಣು ತುಂಬಿ ಬಂತು. ಅರಗು, ಮುದ್ರೆ, ದಾರ, ಟೇಪು ಎತ್ತಿಕೊಂಡು ಶನಿವಾರದ ಸೊನ್ನೆ ಪಾಯಿಂಟ್ ಐದು ರಜೆಯನ್ನೂ ಲೆಕ್ಕಿಸದೆ ಹೊರಟರು.

ಅಂಗಡಿಯಲ್ಲಿ ಸಾಹೇಬರು ಇಪ್ಪತ್ತಾರು ಎಂದು ಬರೆದ ನಾಲ್ಕು ಟೈರುಗಳನ್ನು ಇಳಿಸಿ ಹೊರಗಿನಿಂದ ಹೊರಕ್ಕೆ ಅಳೆದರು. ನಾಲ್ಕೂ ನಾಲ್ಕು ಅಳತೆ. ಒಂದೂ ಇಪ್ಪತ್ತಾರಿಲ್ಲ. ಒಂದಂತೂ ಬರೀ ಇಪ್ಪತ್ನಾಲ್ಕು. ಸಾಹೇಬರು ಆಗಲೇ ಅರಗಿನ ಕಡ್ಡಿ ಹೊರತೆಗೆದರು.

ರಿಪೇರಿಯವರು ಶಾಂತವಾಗಿ ಹೇಳಿದರು. "ಸಾರ್, ಇಪ್ಪತ್ತಾರು ಅನ್ನೋದು ಅದರ ಹೆಸರು, ಅಳತೆ ಅಲ್ಲ. ಹಿಂದೆ ಯಾವಾಗ್ಲೋ ಗಾಳಿ ತುಂಬಿದ್ರೆ ಅಷ್ಟಿತ್ತು. ಆಮೇಲೆ ಟೈರಿನ ಅಗಲ ಬದಲಾಯ್ತು, ರಿಮ್ಮು ಬದಲಾಯ್ತು, ಹೆಸರು ಹಾಗೇ ಉಳೀತು. ನನ್ನ ಮೊಮ್ಮಗನ್ನ ಚಿಕ್ಕಂದಿನಲ್ಲಿ ಪುಟ್ಟ ಅಂತಿದ್ವಿ. ಈಗ ಆರಡಿ ಇದಾನೆ, ಈಗಲೂ ಪುಟ್ಟನೇ."

"ಪುಟ್ಟನನ್ನ ನೀವು ಮಾರ್ತಿಲ್ಲ" ಎಂದರು ಸಾಹೇಬರು. ಇಂಥ ಉತ್ತರಗಳಿಂದಲೇ ಅವರು ಸಾಹೇಬರಾದದ್ದು. ನಾನು ಮೆಚ್ಚಿ ತಲೆದೂಗಿದೆ. ಅಂಗಡಿಯ ಬಾಗಿಲು ಎಳೆದು, ದಾರ ಕಟ್ಟಿ, ಅರಗು ಕರಗಿಸಿ ಮುದ್ರೆ ಒತ್ತಿದೆವು. ರಿಪೇರಿಯವರು ಕೈ ಒರೆಸಿಕೊಂಡು ಮನೆಗೆ ಹೋದರು. ಸಾಹೇಬರು ನನ್ನ ಬೆನ್ನು ತಟ್ಟಿದರು.

ಸಂಜೆ ಐದಕ್ಕೆ ಸರಿಯಾಗಿ ಅಕ್ಕ ಬಂದಳು. ಅಂಗಳದಲ್ಲಿ ಸೋಪಿನ ನೊರೆ, ಬಾಗಿದ ಚಮಚ, ಕಲ್ಲಿನ ಹಾಗೆ ಸೆಟೆದು ನಿಂತ ಚಕ್ರ. ನಾನು ಉತ್ಸಾಹದಿಂದ ಹಗರಣವನ್ನೆಲ್ಲ ವಿವರಿಸಿದೆ. ಹನ್ನೆರಡು ಮಿಲಿಮೀಟರಿನ ಹತ್ತಿರ ಬಂದಾಗ ಅವಳು ತಡೆದಳು.

"ಅದಿರ್ಲಿ. ಈಗ ರಿಪೇರಿಯವ್ರ ಹತ್ರ ತಗೊಂಡು ಹೋಗೋಣ ಬಾ."

"ಅಂಗಡಿ ಮುಚ್ಚಿದೆ ಅಕ್ಕ."

"ನಾಳೆ ತೆಗೀತಾರಲ್ಲ, ಭಾನುವಾರನೂ ತೆಗೆಯೋದು ಊರಲ್ಲಿ ಅವ್ರೊಬ್ರೇ."

"ತೆಗಿಯೋಕಾಗಲ್ಲ. ಸೀಲ್ ಹಾಕಿದೆ."

"ಯಾರು ಹಾಕಿದ್ದು?"

"ನಾನೇ" ಎಂದೆ.

ಅಕ್ಕ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಮೆಟ್ಟಿಲ ಮೇಲೆ ಕೂತಳು. "ಪಟ್ಟೀಲಿ ನನ್ನ ನಂತರದವಳಿಗೆ ಇಪ್ಪತ್ತಮೂರು ವರ್ಷ ಕಣೋ. ಒಳ್ಳೆ ಹುಡುಗಿ. ಅವಳಿಗೆ ಇನ್ನೂ ಹತ್ತು ಕೆಲ್ಸ ಸಿಗುತ್ತೆ. ನಂಗೆ ಇದೊಂದೇ" ಎಂದಳು. ಆಮೇಲೆ ಎದ್ದು ಸೆರಗು ಕೊಡವಿಕೊಂಡು ನಡೆದೇ ಮನೆಗೆ ಹೋದಳು. ನಾನು ಎಂಥ ದಡ್ಡನೆಂದು ನನಗಿನ್ನೂ ಗೊತ್ತಾಗಿರಲಿಲ್ಲ, ಆದರೆ ಎಂಥ ಪಾಪಿಯೆಂದು ಗೊತ್ತಾಯಿತು.

ಭಾನುವಾರ ಬೆಳಗ್ಗೆ ಹೆಂಡತಿ ಚಕ್ರ, ಹಳೇ ಟೈರು, ಹೊಸ ಟೈರು ಮೂರನ್ನೂ ತಂದು ನನ್ನ ಮುಂದಿಟ್ಟಳು. "ರಿಪೇರಿಯವ್ರ ಮನೆಗೆ ಹೋಗಿ ತಪ್ಪಾಯ್ತು ಅನ್ನಿ."

"ಹೇಗೆ ಹೇಳ್ಲಿ ಮಾರಾಯ್ತಿ?"

"ಯಾಕೆ, ತಪ್ಪಾಯ್ತು ಅನ್ನೋಕೆ ಎಷ್ಟು ಮಿಲಿಮೀಟರ್ ಬಾಯಿ ತೆಗೀಬೇಕು ಅಂತ ಅಳೆದು ಕೊಡ್ಲಾ?"

ಎರಡು ಟೈರನ್ನು ಎರಡು ಹೆಗಲಿಗೆ ಹಾಕಿಕೊಂಡು, ಚಕ್ರ ಹೊತ್ತು, ಬೀದಿಯ ಜನರೆಲ್ಲ ನೋಡುತ್ತಿರುವಾಗ ಹೋದೆ. ಬಾಗಿಲು ತೆರೆದವನು ಆರಡಿಯ ಪುಟ್ಟ. ರಿಪೇರಿಯವರು ಒಳಗೆ ಕುರ್ಚಿಯಲ್ಲಿ ಕೂತಿದ್ದರು. ಮಾಡಲು ಕೆಲಸವಿಲ್ಲದೆ ಕೈಗಳನ್ನು ಮೊಣಕಾಲ ಮೇಲೆ ಇಟ್ಟುಕೊಂಡಿದ್ದರು. ಅದನ್ನು ನೋಡಿ ನನಗೆ ತಲೆ ಎತ್ತಲಾಗಲಿಲ್ಲ. ಹೇಗೋ ಬಾಯಿ ತೆಗೆದೆ.

"ತಪ್ಪಾಯ್ತು."

"ಟೈರ್ ಕೊಡಿ ಇಲ್ಲಿ" ಎಂದರು. ಹಳೆಯದನ್ನೂ ಹೊಸದನ್ನೂ ಅಕ್ಕಪಕ್ಕ ಹಿಡಿದು, ದೊಡ್ಡ ಅಂಕಿಯ ಕೆಳಗೆ ಬೆರಳಿಟ್ಟರು. "ಓದಿ."

ಸಣ್ಣ ಅಕ್ಷರದಲ್ಲಿ ಇನ್ನೊಂದು ಸಾಲಿತ್ತು. ಹಳೆಯದರಲ್ಲಿ 47-571. ಹೊಸದರಲ್ಲಿ 47-559.

"ಮೊದಲ್ನೇದು ಟೈರಿನ ಅಗಲ. ಎರಡೂ ನಲವತ್ತೇಳು, ಅದರಲ್ಲಿ ನಿಮ್ಮ ಗಣಿತ ಸರಿ. ಎರಡ್ನೇದು ರಿಮ್ಮಿನ ಮೇಲೆ ಟೈರಿನ ಅಂಚು ಕೂರೋ ಜಾಗದ ಅಡ್ಡಳತೆ. ಗೀಟು ಹಾಕಿ ಬರ್ದಿದ್ರೆ ಒಂದು ಜಾತಿ ರಿಮ್ಮು, ಚುಕ್ಕೆ ಇಟ್ಟು ಬರ್ದಿದ್ರೆ ಇನ್ನೊಂದು ಜಾತಿ. ಹೆಸರು ನೋಡಿ ಮೋಸ ಹೋಗ್ಬಾರ್ದು ಅಂತ್ಲೇ ಕೆಳಗೆ ಮಿಲಿಮೀಟರಲ್ಲಿ ಬರೆದಿರ್ತಾರೆ."

ಐನೂರ ಎಪ್ಪತ್ತೊಂದರಲ್ಲಿ ಐನೂರ ಐವತ್ತೊಂಬತ್ತು ಕಳೆದರೆ ಹನ್ನೆರಡು. ನಾನು ಕಂಡುಹಿಡಿದ ಕಳ್ಳತನವನ್ನು ಕಳ್ಳರೇ ಟೈರಿನ ಮೇಲೆ ಅಚ್ಚು ಹಾಕಿಸಿ ಕೊಟ್ಟಿದ್ದರು, ಅದೂ ನನ್ನ ಇಲಾಖೆಯ ಭಾಷೆಯಲ್ಲಿ. ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು.

"ಗೀಟಿನ ಟೈರ್ ಈಗ ಸಿಗೋದು ಕಷ್ಟ. ನನ್ ಅಂಗಡಿ ಅಟ್ಟದ ಮೇಲೆ ಒಂದೇ ಒಂದಿದೆ" ಎಂದು ನಿಲ್ಲಿಸಿ, ಮೊದಲ ಸಲ ನನ್ನ ಮುಖ ನೋಡಿದರು. "ಅಕ್ಕಂಗೆ ನಾಳೆ ಎಷ್ಟು ಗಂಟೆಗೆ?"

"ನಿಮ್ಗೆ ಹೇಗೆ ಗೊತ್ತು?"

"ಹೋದ ವಾರ ಬಂದು, ಬರೋ ಸೋಮವಾರ ಕರೀಬಹುದು, ಕೆಲ್ಸ ಸಿಕ್ರೆ ನಿಮ್ಮ ಮನೆಗೇ ಮೊದಲ್ನೇ ಕಾಗ್ದ ತಂದ್ಕೊಡ್ತೀನಿ ಅಂದಿದ್ರು. ನಂಗೆ ಯಾರೂ ಕಾಗ್ದ ಬರಿಯಲ್ಲ ಅಂದೆ."

"ಒಂಬತ್ತಕ್ಕೆ ಹೋಗ್ಬೇಕು."

"ಮತ್ತೆ ಇಲ್ಲಿ ನಿಂತು ಏನ್ ಮಾಡ್ತಿದೀರಿ? ಹೋಗಿ ಸಾಹೇಬ್ರನ್ನ ಕರ್ಕೊಂಡ್ಬನ್ನಿ!"

ಒಂದು ಬಿರುನುಡಿಯಿಲ್ಲ, ಒಂದು ಚುಚ್ಚುಮಾತಿಲ್ಲ. ನಾನಾಗಿದ್ದರೆ ಕನಿಷ್ಠ ಒಂದು ಗಂಟೆ ಉಪದೇಶ ಮಾಡುತ್ತಿದ್ದೆ. ಅವತ್ತು ಆ ಹೊಸಿಲಲ್ಲಿ ನಿಂತು ಆ ಮನುಷ್ಯನಿಗೆ ಮನಸ್ಸಿನಲ್ಲೇ ಕೈ ಮುಗಿದೆ.

ಸಾಹೇಬರು ಅತ್ತೆಯ ಮನೆಯಲ್ಲಿ ಊಟಕ್ಕೆ ಕೂತಿದ್ದರು. ವಿಷಯ ಕೇಳಿ ತುತ್ತು ಕೆಳಗಿಟ್ಟರು.

"ಸೀಲ್ ಅಂದ್ರೆ ಏನು ಅಂದ್ಕೊಂಡಿದೀರಿ ನೀವು? ಹಾಕೋದು ಸುಲಭ. ತೆಗೀಬೇಕಾದ್ರೆ ಕಾರಣ ಬರ್ದು ಮೇಲಿನ ಕಚೇರಿಗೆ ಕಳಿಸ್ಬೇಕು. ಏನಂತ ಬರೀಲಿ? ಪುಟ್ಟ ಆರಡಿ ಇದಾನೆ ಅಂತ ಬರೀಲಾ?"

ಅಷ್ಟರಲ್ಲಿ ಅಡುಗೆಮನೆಯಿಂದ ಅವರ ಅತ್ತೆ ಬಂದರು. ಎಪ್ಪತ್ತು ದಾಟಿದ, ನಿವೃತ್ತ ದಾದಿ. "ಅಳಿಯಂದ್ರೇ, ಚುಕ್ಕೆ ಟೈರೇ ಬೇರೆ, ಗೀಟಿನ ಟೈರೇ ಬೇರೆ. ಮೂವತ್ತು ವರ್ಷ ಸೈಕಲ್ ತುಳಿದು ಮನೆಮನೆಗೆ ಹೋಗಿ ಬಾಣಂತನ ಮಾಡಿದೀನಿ, ನಂಗೆ ಗೊತ್ತಿಲ್ವಾ? ಅಷ್ಟೂ ತಿಳೀದೆ ಅಂಗಡಿ ಮುಚ್ಚಿಸಿದ್ರಾ? ಇಬ್ರೂ?" ಎಂದರು.

ಸಾಹೇಬರು ಇಲಾಖೆಯಲ್ಲಿ ಯಾರಿಗೂ ಹೆದರುವವರಲ್ಲ. ಆದರೆ ಅತ್ತೆಯ ಕೈಯಲ್ಲಿ ಬಡಿಸುವ ಸೌಟಿತ್ತು. ಎದ್ದು ಕೈ ತೊಳೆದರು. "ನೀವೇ ಒಂದು ಹೇಳಿಕೆ ಬರ್ದು ಸಹಿ ಹಾಕಿ. ಅದರ ಮೇಲೆ ನಾನು ಸೀಲ್ ತೆಗೀತೀನಿ" ಎಂದರು.

ಬರೆದೆ. "ಕೆಳಗೆ ಸಹಿ ಮಾಡಿರುವ, ತೂಕ ಮತ್ತು ಅಳತೆ ಕಚೇರಿಯಲ್ಲಿ ಇಪ್ಪತ್ತೆರಡು ವರ್ಷ ಸೇವೆ ಸಲ್ಲಿಸಿರುವ ಗುಮಾಸ್ತನಾದ ನಾನು ಸ್ವಇಚ್ಛೆಯಿಂದ ತಿಳಿಸುವುದೇನೆಂದರೆ, ಒಂದೂ ಮುಕ್ಕಾಲು ಮತ್ತು ಒಂದು ಪಾಯಿಂಟ್ ಏಳು ಐದು ಒಂದೇ ಅಲ್ಲ. ಇವುಗಳನ್ನು ಒಂದೇ ಎಂದು ತಿಳಿದದ್ದು ನನ್ನ ತಪ್ಪು." ಸೈಕಲ್ ಟೈರಿನ ಮಟ್ಟಿಗೆ ಎಂದು ಸೇರಿಸಲೇ ಎಂದು ಕೇಳಿದೆ. "ಬೇಡ, ಉದ್ದ ಆಗುತ್ತೆ. ಮೇಲಿನವ್ರು ಓದಲ್ಲ" ಎಂದರು ಸಾಹೇಬರು. ಸಹಿ ಹಾಕಿದೆ. ನನ್ನ ಲೆಕ್ಕದ ಮೇಷ್ಟರು ಬದುಕಿದ್ದರೆ ಎದೆ ಒಡೆದುಕೊಳ್ಳುತ್ತಿದ್ದರು. ಆದರೆ ಮೆಟ್ಟಿಲ ಮೇಲೆ ಕೂತಿದ್ದ ಅಕ್ಕ ಕಣ್ಣ ಮುಂದೆ ಬಂದಳು, ಸಹಿಯ ಕೆಳಗೆ ಎರಡು ಗೀಟು ಎಳೆದೆ.

ಮಧ್ಯಾಹ್ನ ಮೂರಕ್ಕೆ ಅಂಗಡಿ ತೆರೆಯಿತು. ಅಕ್ಕನೂ ಬಂದಳು, ಡ್ರೈವರೂ ಬಂದರು. ರಿಪೇರಿಯವರು ಕೋನ್ ಸಡಿಲಿಸಿ ಒಳಗಿನ ಗುಂಡುಗಳನ್ನು ಎಣಿಸಿದರು.

"ಮಗ್ಗಲಿಗೆ ಹತ್ತು ಯಾಕೆ ತುಂಬಿದ್ರಿ?"

"ಇಪ್ಪತ್ತು ಕೊಟ್ಟಿದ್ರಲ್ಲ!"

"ಒಂಬತ್ತೊಂಬತ್ತು ಸ್ವಾಮಿ. ಎರಡು ಕೈಜಾರಿ ಬಿದ್ರೆ ಇರ್ಲಿ ಅಂತ ಹೆಚ್ಚಿಗೆ ಹಾಕಿದ್ದೆ. ನೀವು ಹೋಗ್ತಿರುವಾಗ ಕೂಗಿ ಹೇಳ್ದೆ, ತಿರುಗ್ಲೇ ಇಲ್ಲ. ಗುಂಡಿಗೆ ಓಡಾಡೋಕೆ ಒಂಚೂರು ಜಾಗ ಬೇಕು. ತುರುಕಿದ್ರೆ ಒಂದನ್ನೊಂದು ಉಜ್ಜಿ ಸಾಯ್ತವೆ."

ಅಷ್ಟು ವರ್ಷದ ನೌಕರಿಯಲ್ಲಿ ನಾನು ಕೊರತೆಯನ್ನು ಹುಡುಕಿದ್ದೆನೇ ಹೊರತು, ಹೆಚ್ಚಿಗೆ ಕೊಟ್ಟವರನ್ನು ಕಂಡಿರಲಿಲ್ಲ. ಕಂಡಾಗ ಅದನ್ನೂ ತುರುಕಿಬಿಟ್ಟಿದ್ದೆ.

ಅವರು ಗುಂಡುಗಳನ್ನು ತೊಳೆದು, ಹೊಸ ಗ್ರೀಸು ಹಚ್ಚಿ, ಒಂಬತ್ತೊಂಬತ್ತು ಕೂರಿಸಿದರು. ಕೋನನ್ನು ಬೆರಳಲ್ಲೇ ತಿರುಗಿಸಿ ಬಿಗಿದು, ಮತ್ತೆ ಸ್ವಲ್ಪ ಹಿಂದಕ್ಕೆ ತಿರುಗಿಸಿದರು. "ಎಷ್ಟು ಹಿಂದಕ್ಕೆ?" ಎಂದು ಅಡಿಪಟ್ಟಿ ತೆಗೆದೆ. "ಕೈಗೆ ಗೊತ್ತಾಗುತ್ತೆ" ಎಂದರು. ಅಟ್ಟದ ಮೇಲಿನ ಆ ಒಂದೇ ಒಂದು ಟೈರಿನ ಧೂಳು ಒರೆಸಿ ರಿಮ್ಮಿಗೆ ಹಾಕಿದರು. ಚಮಚವೂ ಇಲ್ಲ, ಸೋಪೂ ಇಲ್ಲ, ಎರಡು ಹೆಬ್ಬೆರಳು ಅಷ್ಟೇ. ಸಾಹೇಬರು ಪಂಪು ಹಿಡಿದರು, ಡ್ರೈವರ್ ಗಾಳಿ ಹೊಡೆದರು.

ರಿಪೇರಿಯವರು ಚಕ್ರವನ್ನು ಎತ್ತಿ ಹಿಡಿದು ತಿರುಗಿಸಿ ಬಿಟ್ಟರು. ಸದ್ದಿಲ್ಲದೆ ತಿರುಗಿತು. ತಿರುಗಿ ತಿರುಗಿ ನಿಧಾನವಾಗಿ, ಒಮ್ಮೆ ಆ ಕಡೆ ಒಮ್ಮೆ ಈ ಕಡೆ ತೂಗಾಡಿ, ಗಾಳಿ ತುಂಬುವ ವಾಲ್ವು ಸರಿಯಾಗಿ ಕೆಳಗೆ ಬಂದು ನಿಂತಿತು.

"ನೋಡಿ, ಆ ವಾಲ್ವಿನ ಭಾರ ಎಷ್ಟು? ಅಷ್ಟು ಭಾರಕ್ಕೇ ಚಕ್ರ ತಾನಾಗಿ ತಿರುಗಿ ಬಂತು ಅಂದ್ರೆ ಹಬ್ ಸರಿ ಇದೆ ಅಂತ ಅರ್ಥ" ಎಂದರು ರಿಪೇರಿಯವರು.

ಸಾಹೇಬರು ಬಾಗಿ ಮತ್ತೊಮ್ಮೆ ತಿರುಗಿಸಿ ನೋಡಿದರು. "ನಮ್ಮ ಕಚೇರಿ ತಕ್ಕಡಿನೂ ಇಷ್ಟು ಸೂಕ್ಷ್ಮ ಇಲ್ಲ ಕಣ್ರೀ" ಎಂದು ಮೆಲ್ಲಗೆ ನನ್ನ ಕಿವಿಯಲ್ಲಿ ಹೇಳಿದರು. ಅಕ್ಕ ರಿಪೇರಿಯವರ ಗ್ರೀಸು ಮೆತ್ತಿದ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. "ಸೀರೆಗೆ ಕರಿ ಆಗುತ್ತಮ್ಮ" ಎಂದು ಅವರು ಕೈ ಬಿಡಿಸಿಕೊಳ್ಳಲು ನೋಡಿದರು. ಅವಳು ಬಿಡಲಿಲ್ಲ.

ಸೋಮವಾರ ಒಂಬತ್ತಕ್ಕೆ ನಾನು, ಹೆಂಡತಿ, ಡ್ರೈವರ್ ಅಂಚೆ ಕಚೇರಿಯ ಗೇಟಿನ ಬಳಿ ನಿಂತಿದ್ದೆವು. ರಿಪೇರಿಯವರೂ ಬಂದಿದ್ದರು. ಸ್ಟಾಂಪ್ ಕೊಳ್ಳಲು ಬಂದೆ ಎಂದರು. ಪೋಸ್ಟ್‌ಮಾಸ್ಟರು ಸೈಕಲ್ಲಿನ ಹಿಂಭಾಗ ಎತ್ತಿ ಚಕ್ರ ತಿರುಗಿಸಿ ಕಿವಿಗೊಟ್ಟರು, ಪಕ್ಕಕ್ಕೆ ಅಲುಗಾಡಿಸಿ ನೋಡಿದರು, ಟೈರು ಒತ್ತಿದರು. "ಹ್ಞೂಂ, ಓಡ್ಸಿ" ಎಂದರು. ಅಕ್ಕ ಹತ್ತಿ ಅಂಗಳಕ್ಕೆ ಮೂರು ಸುತ್ತು ಬಂದಳು. ಎರಡು ಸುತ್ತಿಗೇ ಸಾಕು ಎಂದರೂ ಅವಳು ಮೂರನೆಯದು ಹಾಕಿದಳು. ಪೋಸ್ಟ್‌ಮಾಸ್ಟರು ಖಾಕಿ ಚೀಲ ತಂದು ಅವಳ ಹೆಗಲಿಗೆ ಹಾಕಿದಾಗ ನನಗೆ ಕಣ್ಣು ಮಂಜಾಯಿತು. ಪಕ್ಕದಲ್ಲಿ ಡ್ರೈವರ್ ಜೋರಾಗಿ ಮೂಗು ಸೀಟಿಕೊಳ್ಳುತ್ತಿದ್ದರು.

ಇದಾಗಿ ಎರಡು ವಾರ ಕಳೆದಿತ್ತು. ಒಂದು ಮಧ್ಯಾಹ್ನ ಕಚೇರಿಯ ಬಾಗಿಲಲ್ಲಿ ಸೈಕಲ್ ಗಂಟೆ ಕೇಳಿಸಿತು. ಖಾಕಿ ಚೀಲ ಹಾಕಿಕೊಂಡು ಅಕ್ಕ ಒಳಗೆ ಬಂದಳು. ಮುಖ ಬಿಸಿಲಿಗೆ ಕಪ್ಪಾಗಿತ್ತು, ಹತ್ತು ವರ್ಷ ಚಿಕ್ಕವಳ ಹಾಗೆ ಕಾಣುತ್ತಿದ್ದಳು. ನೇರ ನನ್ನ ಮೇಜಿಗೆ ಬಂದು ಒಂದು ಲಕೋಟೆ ಇಟ್ಟಳು. "ರಿಜಿಸ್ಟರ್ಡ್ ಬಂದಿದೆ. ಸಹಿ ಮಾಡಿ."

ಮೇಲಿನ ಕಚೇರಿಯ ಮುದ್ರೆಯಿತ್ತು. ಒಡೆದು ಓದಿದೆ. "ತಮ್ಮ ಹೇಳಿಕೆಯನ್ನು ಪರಿಶೀಲಿಸಲಾಗಿದೆ. ಒಂದೂ ಮುಕ್ಕಾಲು ಮತ್ತು ಒಂದು ಪಾಯಿಂಟ್ ಏಳು ಐದು, ಸದರಿ ಎರಡು ಸಂಖ್ಯೆಗಳು ಯಾವ ದಿನಾಂಕದಿಂದ ಬೇರೆಯಾದವು, ಹಾಗೂ ಅದಕ್ಕೆ ಯಾರ ಅನುಮತಿ ಪಡೆಯಲಾಗಿತ್ತು ಎಂಬುದನ್ನು ಹದಿನೈದು ದಿನಗಳೊಳಗೆ ಲಿಖಿತವಾಗಿ ವಿವರಿಸತಕ್ಕದ್ದು. ತಪ್ಪಿದಲ್ಲಿ ಸೂಕ್ತ ಕ್ರಮ ಜರುಗಿಸಲಾಗುವುದು."

ಸಾಹೇಬರು ದೂರದಿಂದಲೇ ನನ್ನ ಮುಖ ನೋಡಿ ತಮ್ಮ ಕೋಣೆಯ ಬಾಗಿಲು ಹಾಕಿಕೊಂಡರು.

"ಕೆಟ್ಟ ಸುದ್ದಿ ಏನೋ?" ಎಂದಳು ಅಕ್ಕ.

"ಬಹಳ ಕೆಟ್ಟ ಸುದ್ದಿ ಅಕ್ಕ."

"ಆಮೇಲೆ ಕೂತು ಅಳು. ಮೊದ್ಲು ಸಹಿ ಹಾಕು, ನಂಗೆ ಇನ್ನೂ ನಲವತ್ತು ಮನೆ ಇದೆ."

ಅವಳ ಪುಸ್ತಕದಲ್ಲಿ ಅವಳು ತೋರಿಸಿದ ಜಾಗದಲ್ಲಿ ಸಹಿ ಹಾಕಿದೆ. ನನ್ನ ನೌಕರಿಯಲ್ಲಿ ಯಾವ ನೋಟೀಸನ್ನೂ ನಾನು ಅಷ್ಟು ಸಂತೋಷದಿಂದ ತೆಗೆದುಕೊಂಡಿರಲಿಲ್ಲ. ಬಾಗಿಲವರೆಗೆ ಹೋಗಿ ಬೀಳ್ಕೊಡೋಣವೆಂದು ಎದ್ದೆ. ನಾನು ಬಾಗಿಲಿಗೆ ಬರುವಷ್ಟರಲ್ಲಿ ಅವಳು ಆಗಲೇ ಮುಂದಿನ ಬೀದಿಗೆ ತಿರುಗಿಯಾಗಿತ್ತು.